‘ಮರ ತಿನ್ನುವ ಹೂವು’ ಲೇಖನದ ಬಗ್ಗೆ

ನಮಸ್ಕಾರ.

ಕಲ್ಲುಹೂವಿನ ಮೇಲೆ ನೀವು ಕಳಿಸಿದ ‘ಮರ ತಿನ್ನುವ ಹೂವು’ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಮೊದಲ ತಕರಾರು ತಲೆಬರಹದ್ದೇ. ಅದು ಹೂವಲ್ಲ, ಮರವನ್ನು ತಿನ್ನುವುದೂ ಇಲ್ಲ. ಶಿಲೀಂಧ್ರವೊಂದು ಹಸಿರು ಪಾಚಿಯನ್ನು ಒಳಗಿಟ್ಟುಕೊಂಡು ಬಾಳುವ ಲೈಕನ್ ಅದು. ಮನೆ ಶಿಲೀಂಧ್ರದ್ದು, ಅಡುಗೆ ಪಾಚಿಯದು. ಅಡಿಯ ಕಪ್ಪು ಎಳೆಗಳು ತೊಗಟೆಯ ಹೊರಪದರಕ್ಕೆ ಅಂಟಿಕೊಳ್ಳುತ್ತವೆ ಅಷ್ಟೆ, ರಸ ಹೀರುವುದಿಲ್ಲ. ಒಣಗುತ್ತಿರುವ ಕೊಂಬೆಯಲ್ಲಿ ಅದು ಹೆಚ್ಚು ಕಾಣುವುದು ಎಲೆ ಉದುರಿ ಬೆಳಕು ಬಿದ್ದಿದ್ದರಿಂದ. ಕೊಂಬೆ ಒಣಗಿದ್ದು ಮೊದಲು, ಲೈಕನ್ ಹಬ್ಬಿದ್ದು ಆಮೇಲೆ. ನೀವು ತಿರುವುಮುರುವು ಮಾಡಿದ್ದೀರಿ.

ಇನ್ನು ಗುರುತು. ವೈಜ್ಞಾನಿಕ ಹೆಸರು ಪಾರ್ಮೊಟ್ರೀಮಾ ಟಿಂಕ್ಟೋರಮ್ ಎಂದು ಕೊಟ್ಟು, ಚಿತ್ರ ಮಾತ್ರ ಅಂಗಡಿಯ ಪೊಟ್ಟಣದ್ದು ಹಾಕಿದ್ದೀರಿ. ಪೊಟ್ಟಣದಲ್ಲಿ ಹಲವು ಜಾತಿ ಬೆರೆತಿರುವುದು ಮಾಮೂಲು. ಮರದ ಹತ್ತಿರ ಹೋಗಿ ಭೂತಗನ್ನಡಿ ಹಿಡಿಯಿರಿ. ಬೂದುಬಣ್ಣದ ಅಗಲ ಹಾಳೆಗಳು, ಅಂಚಿಗೆ ರೋಮವಿಲ್ಲ. ಮೇಲ್ಮೈಯಲ್ಲಿ ರವೆ ಉದುರಿಸಿದಂತೆ ಐಸಿಡಿಯಾ ಎಂಬ ಪುಟ್ಟ ಮೊಳಕೆಗಳು, ಇವೇ ಮುರಿದು ಬಿದ್ದು ಹೊಸ ಲೈಕನ್ ಆಗುವುದು. ಮಗುಚಿದರೆ ನಡುವೆ ಕಪ್ಪು, ಅಂಚಿನಲ್ಲಿ ಎಳೆಗಳಿಲ್ಲದ ಕಂದು ಪಟ್ಟಿ.

ಈ ಜಾತಿಯನ್ನು ಬ್ಲೀಚಿನ ಹನಿಗೆ ಕೆಂಪಾಗುವುದರಿಂದಲೂ ಗುರುತಿಸುತ್ತಾರೆ. ನೀವು ‘ಬ್ಲೀಚ್ ಹಾಕಿದರೂ ಕೆಂಪಾಗಲಿಲ್ಲ, ಪರೀಕ್ಷೆಯೇ ಸುಳ್ಳು’ ಎಂದಿದ್ದೀರಿ. ಹನಿ ಮೇಲ್ಪದರದ ಮೇಲೆ ಬಿದ್ದಿರಬೇಕು, ಇಲ್ಲವೇ ಬಾಟಲಿ ಹಳತಾಗಿ ಕ್ಲೋರಿನ್ ಹೋಗಿರಬೇಕು. ಬ್ಲೇಡಿನಿಂದ ಕೆರೆದು ಒಳಗಿನ ಬಿಳಿ ಭಾಗಕ್ಕೆ ಹೊಸ ಬ್ಲೀಚಿನ ಒಂದೇ ಹನಿ ಬಿಡಿ. ಈ ಜಾತಿಯ ಗುರುತಾದ ಲೆಕನೋರಿಕ್ ಆಮ್ಲವಿದ್ದರೆ ತಕ್ಷಣ ಕೆಂಪು. ಬೇಗ ಮಾಸುತ್ತದೆ, ಕಣ್ಣು ಕೀಳಬೇಡಿ. ಇದೇ ಆಮ್ಲ ಅಮೋನಿಯಾ ನೀರಿನಲ್ಲಿ ವಾರಗಟ್ಟಲೆ ಗಾಳಿಯಾಡುತ್ತ ನೆನೆದರೆ ನೇರಳೆ ಬಣ್ಣವಾಗುತ್ತದೆ. ಟಿಂಕ್ಟೋರಮ್ ಎಂದರೆ ‘ಬಣ್ಣಗಾರರದು’. ಪ್ರಕೃತಿಮಾತೆಗೆ ಕೊಟ್ಟ ಅರ್ಧ ಪುಟ ಇದಕ್ಕೆ ಸಲ್ಲಬೇಕಿತ್ತು.

ಮಾದರಿ ಪುಡಿಯಾಯಿತೆಂಬ ದೂರಿಗೆ ಉತ್ತರ: ಒಣಗಿದ್ದಾಗ ಕೀಳಬೇಡಿ. ನೀರು ಚಿಮುಕಿಸಿ, ಐದು ನಿಮಿಷ ಬಿಟ್ಟು, ಮೊಂಡು ಚಾಕುವಿನಿಂದ ಮೆಲ್ಲಗೆ ಎಬ್ಬಿಸಿ. ಕಾಗದದ ಲಕೋಟೆಯಲ್ಲಿಡಿ, ಪ್ಲಾಸ್ಟಿಕ್ಕಿನಲ್ಲಿ ಬೂಷ್ಟು ಬರುತ್ತದೆ. ಮೇಲೆ ಮರದ ಹೆಸರು, ನೆಲದಿಂದ ಎಷ್ಟು ಎತ್ತರ, ಯಾವ ದಿಕ್ಕು, ದಿನಾಂಕ ಬರೆಯಿರಿ. ಅಂಗೈಯಗಲ ಸಾಕು, ಅದು ವರ್ಷಕ್ಕೆ ಬೆಳೆಯುವುದು ಮಿಲಿಮೀಟರುಗಳ ಲೆಕ್ಕದಲ್ಲಿ.

ಕಿಡ್ನಿ ಕಲ್ಲು ಕರಗುತ್ತದೆಂಬ ಪ್ಯಾರಾ ಹೊಡೆದುಹಾಕಿದ್ದೇವೆ. ಬಿಸಿ ಎಣ್ಣೆಗೆ ಬಿದ್ದ ಮೇಲೆಯೇ ಕಲ್ಲುಹೂ ಘಮ ಬಿಡುತ್ತದೆ ಎಂಬ ಸಾಲು ಚೆನ್ನಾಗಿದೆ. ಲೇಖನ ಅಲ್ಲಿಂದಲೇ ಶುರುವಾಗಲಿ. 600 ಪದ ಮೀರದಂತೆ ತಿದ್ದಿ, ಅಡಿಭಾಗದ ಚಿತ್ರವನ್ನು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದು ಕಳಿಸಿ.

ಸಂಪಾದಕರು