ಶಾಸಕರಿಗೆ ಅಂಕ ಕೊಡುವ ಮೊದಲು

(ಸದನ ಮತ್ತು ಶಾಸಕರ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ವಿಧಾನಸಭೆಯ ನಿವೃತ್ತ ಶೀಘ್ರಲಿಪಿ ವರದಿಗಾರ್ತಿಯ ಉತ್ತರ)

ಪ್ರಶ್ನೆ: ನನ್ನ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿನ ರಾಜ್ಯ ಶಾಸಕರು ತಮ್ಮ ಪಕ್ಷದ ತತ್ವಕ್ಕೆ ಎಷ್ಟು ಬದ್ಧರಾಗಿದ್ದಾರೆ ಅಂತ ನೂರಕ್ಕೆ ಇಷ್ಟು ಎಂದು ಅಂಕ ಹಾಕಿ ಪ್ರಕಟಿಸುತ್ತಾರಂತೆ. ನಮ್ಮ 224 ಶಾಸಕರಿಗೂ ಹೀಗೆ ಅಂಕ ಕೊಡಬಾರದೇಕೆ ಮೇಡಂ?
– ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ

ಉತ್ತರ: ಕೊಡಬೇಕು ಸರ್. ಆದರೆ ಇವತ್ತು ಕೊಡಲು ಕೂತರೆ ಉತ್ತರ ಪತ್ರಿಕೆಯೇ ನಮ್ಮ ಕೈಗೆ ಸಿಗುವುದಿಲ್ಲ. ಏಕೆ ಅಂತ ಹೇಳುತ್ತೇನೆ.

ಅಮೆರಿಕದಲ್ಲಿ ಈ ಪದ್ಧತಿ ಹಳೆಯದು. 1947ರಲ್ಲಿ ಹುಟ್ಟಿದ ‘ಅಮೆರಿಕನ್ಸ್ ಫಾರ್ ಡೆಮಾಕ್ರಟಿಕ್ ಆ್ಯಕ್ಷನ್’ ಎಂಬ ಉದಾರವಾದಿ ಸಂಘಟನೆ ಅಲ್ಲಿನ ಸಂಸತ್ ಸದಸ್ಯರಿಗೆ ಹೀಗೆ ಅಂಕ ಕೊಡುತ್ತಾ ಬಂತು. ವರ್ಷದಲ್ಲಿ ನಡೆದ ಮತದಾನಗಳಲ್ಲಿ ಮುಖ್ಯವಾದ 20 ಆರಿಸಿಕೊಳ್ಳುತ್ತಾರೆ. ಸಂಘಟನೆ ಸರಿ ಅಂದ ಕಡೆ ಮತ ಹಾಕಿದರೆ ತಲಾ 5 ಅಂಕ. ಸದನಕ್ಕೆ ಬರದಿದ್ದರೆ ಆ 5 ಅಂಕ ಹೋಯಿತು. ಎದುರು ಬದಿಯಲ್ಲಿ ‘ಅಮೆರಿಕನ್ ಕನ್ಸರ್ವೇಟಿವ್ ಯೂನಿಯನ್’ 1971ರಿಂದ ಇದೇ ಕೆಲಸ ಮಾಡುತ್ತಿದೆ. ಮುಂದೆ ಅದು ರಾಜ್ಯಗಳ ಶಾಸಕರಿಗೂ ಅಂಕ ಕೊಡಲು ಶುರು ಮಾಡಿತು. ಬಂದೂಕು ಮಾಲೀಕರ ಸಂಘ ಎನ್‌ಆರ್‌ಎ ಅಂತೂ ಎ ಪ್ಲಸ್‌ನಿಂದ ಎಫ್‌ವರೆಗೆ ಗ್ರೇಡ್ ಕೊಡುತ್ತದೆ.

ಇದೆಲ್ಲ ನಡೆಯುವುದು ಒಂದೇ ಒಂದು ಆಧಾರದ ಮೇಲೆ. ಯಾವ ಶಾಸಕ ಯಾವ ಮಸೂದೆಗೆ ಹೌದು ಅಂದ, ಯಾವುದಕ್ಕೆ ಇಲ್ಲ ಅಂದ ಎಂಬುದು ಹೆಸರು ಸಮೇತ ದಾಖಲಾಗಿರುತ್ತದೆ. ಅದೂ ಎಲ್ಲ ಕಡೆ ತಾನಾಗಿಯೇ ಬಂದದ್ದಲ್ಲ. ನಿಮ್ಮ ಮಗ ಇರುವ ಟೆಕ್ಸಾಸ್‌ನಲ್ಲೇ ಇದಕ್ಕೆ ಮತದಾರರು ಮುದ್ರೆ ಒತ್ತಬೇಕಾಯಿತು. 2007ರ ನವೆಂಬರ್‌ನಲ್ಲಿ ಅವರು ರಾಜ್ಯದ ಸಂವಿಧಾನ ತಿದ್ದುಪಡಿಗೆ ಒಪ್ಪಿಗೆ ಕೊಟ್ಟರು. ಮಸೂದೆಗಳ ಕೊನೆಯ ಹಂತದ ಮತದಾನ ಹೆಸರು ಸಮೇತ ದಾಖಲಾಗಬೇಕು, ಜನ ಅದನ್ನು ಇಂಟರ್‌ನೆಟ್‌ನಲ್ಲಿ ನೋಡುವಂತಿರಬೇಕು ಎಂದಾಯಿತು.

ಈಗ ನಮ್ಮ ಸದನಕ್ಕೆ ಬನ್ನಿ. ಸಭಾಧ್ಯಕ್ಷರ ಪೀಠದ ಮುಂದಿನ ಮೇಜಿನಲ್ಲಿ ಕೂತು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವುದು ನಮ್ಮ ಕೆಲಸ. ಕೆಲವೇ ನಿಮಿಷದ ಸರದಿ. ಒಬ್ಬರು ಎದ್ದರೆ ಇನ್ನೊಬ್ಬರು ಬಂದು ಕೂರುತ್ತಾರೆ. ಶಾಸಕರ ಮಾತು, ಮಧ್ಯೆ ಎದ್ದವರ ಆಕ್ಷೇಪ, ಗದ್ದಲ, ಎಲ್ಲವೂ ನಮ್ಮ ಪುಸ್ತಕಕ್ಕೆ ಬರುತ್ತದೆ. ಆದರೆ ಮಸೂದೆಯೊಂದು ಕಾನೂನಾಗುವ ಆ ಮುಖ್ಯ ಗಳಿಗೆ ಬಂದಾಗ ನಾವು ಬರೆಯುವುದು ಒಂದು ಸಾಲು. ‘ಪ್ರಸ್ತಾವವನ್ನು ಮತಕ್ಕೆ ಹಾಕಲಾಯಿತು ಹಾಗೂ ಅಂಗೀಕರಿಸಲಾಯಿತು.’ ಅಷ್ಟೇ. ಸಭಾಧ್ಯಕ್ಷರು ಪರವಾಗಿರುವವರು ಹೌದು ಎನ್ನಿ ಅನ್ನುತ್ತಾರೆ. ಆಡಳಿತ ಪಕ್ಷದ ಸಾಲುಗಳಿಂದ ಒಂದು ಧ್ವನಿ ಏಳುತ್ತದೆ. ಯಾರು ಹೌದು ಅಂದರು, ಯಾರು ಬಾಯಿ ಬಿಡಲಿಲ್ಲ, ಯಾರು ಕ್ಯಾಂಟೀನ್‌ನಲ್ಲಿದ್ದರು? ನಮ್ಮ ನಡವಳಿಯಲ್ಲಿ, ಅಂದರೆ ಸದನದ ಅಧಿಕೃತ ದಾಖಲೆಯಲ್ಲಿ, ಇದು ಯಾವುದೂ ಇರುವುದಿಲ್ಲ. ಎಷ್ಟೋ ಸಲ ವಿರೋಧ ಪಕ್ಷದವರು ಸದನದ ಬಾವಿಯಲ್ಲಿ ಘೋಷಣೆ ಕೂಗುತ್ತಿರುವಾಗಲೇ ಮಸೂದೆ ಪಾಸಾಗಿ ಹೋಗಿದೆ. ಆ ಸಾಲು ಬರೆಯುವಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಈಗಲೂ ಆಗುತ್ತದೆ.

ಇದನ್ನು ಧ್ವನಿಮತ ಅನ್ನುತ್ತೇವೆ. ಯಾರಾದರೂ ಸದಸ್ಯರು ಎದ್ದು ಡಿವಿಷನ್ ಬೇಕು ಅಂತ ಪಟ್ಟು ಹಿಡಿದರೆ ಮಾತ್ರ ತಲೆ ಎಣಿಕೆ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ ನಿಮಗೆ ನೆನಪಿರಬಹುದು. ಸಾಲು ಸಾಲಾಗಿ ಶಾಸಕರನ್ನು ನಿಲ್ಲಿಸಿ ಎಣಿಸಿದರು. ಪರ 99, ವಿರೋಧ 105. ಸರ್ಕಾರ ಉಳಿಯುತ್ತದೋ ಬೀಳುತ್ತದೋ ಎಂಬ ದಿನ ಮಾತ್ರ ಇಷ್ಟು ಶ್ರದ್ಧೆ. ನಿಮ್ಮ ಜಮೀನು, ನಿಮ್ಮ ತೆರಿಗೆ, ನಿಮ್ಮ ಮಕ್ಕಳ ಶಾಲೆಗೆ ಸಂಬಂಧಿಸಿದ ಕಾನೂನಿಗೆ ಒಂದು ಕೂಗು ಸಾಕು. ಇದು ಸರಿಯಲ್ಲ. ಹಾಗಾಗಿ ನನ್ನ ಮೊದಲ ಬೇಡಿಕೆ ಅಂಕಪಟ್ಟಿಯದಲ್ಲ. ಪ್ರತಿ ಮಸೂದೆಯ ಕೊನೆಯ ಮತದಾನ ಹೆಸರು ಸಮೇತ ದಾಖಲಾಗಲಿ. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ. 208ನೇ ವಿಧಿಯ ಪ್ರಕಾರ ಸದನ ತನ್ನ ಕಾರ್ಯವಿಧಾನದ ನಿಯಮಗಳನ್ನು ತಾನೇ ಮಾಡಿಕೊಳ್ಳಬಹುದು.

ಪ್ರಶ್ನೆ: ಹೆಸರು ದಾಖಲಾದರೂ ಏನು ಪ್ರಯೋಜನ? ನಮ್ಮಲ್ಲಿ ಪಕ್ಷ ಹೇಳಿದಂತೆಯೇ ಮತ ಹಾಕಬೇಕೆಂಬ ವಿಪ್ ಇದೆ. ಎಲ್ಲರಿಗೂ ನೂರಕ್ಕೆ ನೂರು ಬರುತ್ತದಲ್ವಾ?
– ರಾಜ್ಯಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ. ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

1967ರಲ್ಲಿ ಹರಿಯಾಣದ ಗಯಾ ಲಾಲ್ ಎಂಬ ಶಾಸಕರು ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿದರು. ‘ಆಯಾ ರಾಮ್ ಗಯಾ ರಾಮ್’ ಎಂಬ ಮಾತು ಹುಟ್ಟಿದ್ದೇ ಆಗ. ಈ ರೋಗಕ್ಕೆ ಮದ್ದು ಅಂತ 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು ಸೇರಿತು. ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಹಾಕಿದರೆ, ಅಥವಾ ಮತ ಹಾಕದೆ ಕೂತರೆ, 15 ದಿನದೊಳಗೆ ಪಕ್ಷ ಕ್ಷಮಿಸದಿದ್ದರೆ ಶಾಸಕ ಸ್ಥಾನಕ್ಕೇ ಕುತ್ತು. ಅಮೆರಿಕದಲ್ಲಿ ಹೀಗಿಲ್ಲ. ಅಲ್ಲಿ ಪಕ್ಷದ ಮಾತು ಮೀರಿದರೆ ಮುಂದಿನ ಟಿಕೆಟ್ ಹೋಗಬಹುದು, ಕುರ್ಚಿ ಹೋಗುವುದಿಲ್ಲ. ಆದ್ದರಿಂದಲೇ ಅಲ್ಲಿ ಅಂಕಗಳಲ್ಲಿ ಏರುಪೇರು ಕಾಣುತ್ತದೆ.

ಆದರೆ ಒಂದು ವಿಷಯ ಗಮನಿಸು. 1992ರ ಕಿಹೊಟೊ ಹೊಲೊಹಾನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಕಾನೂನನ್ನು ಎತ್ತಿ ಹಿಡಿಯುತ್ತಲೇ ಅದಕ್ಕೊಂದು ಮಿತಿ ಹಾಕಿದೆ. ಸ್ಥಾನ ಕಳೆಯುವಂಥ ವಿಪ್ ಎರಡೇ ಸಂದರ್ಭಕ್ಕೆ ಇರಬೇಕು. ಒಂದು, ವಿಶ್ವಾಸ ಅಥವಾ ಅವಿಶ್ವಾಸ ಮತ. ಇನ್ನೊಂದು, ಪಕ್ಷ ಯಾವ ನೀತಿ ಮತ್ತು ಕಾರ್ಯಕ್ರಮ ಹೇಳಿ ಜನರ ಹತ್ತಿರ ಮತ ಕೇಳಿತ್ತೋ ಅದಕ್ಕೆ ಮೂಲಭೂತವಾದ ವಿಷಯ. ಅಂದರೆ ನ್ಯಾಯಾಲಯದ ಪ್ರಕಾರವೂ ಶಾಸಕನನ್ನು ಕಟ್ಟಿಹಾಕುವ ಹಗ್ಗ ಪಕ್ಷದ ತತ್ವ ಮತ್ತು ಪ್ರಣಾಳಿಕೆ. ಪಕ್ಷದ ಮುಖಂಡರ ಇವತ್ತಿನ ಅನುಕೂಲ ಅಲ್ಲ. ಈ ಭಾಗವನ್ನು ನಿಮ್ಮ ತರಗತಿಯಲ್ಲಿ ಎಲ್ಲರೂ ಒಮ್ಮೆ ಓದಿ.

ಹಾಗಾದರೆ ಪಕ್ಷವೇ ತನ್ನ ಮಾತು ಬದಲಿಸಿದರೆ? ಇದು ನನ್ನ ಮನಸ್ಸಿಗೆ ಹತ್ತಿರದ ವಿಷಯ. ನಮ್ಮದು ಸಾಗರದ ಕಡೆಯ ಗೇಣಿದಾರ ಕುಟುಂಬ. ದೇವರಾಜ ಅರಸು ಕಾಲದಲ್ಲಿ, 1974ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದಾಗ ನಮ್ಮ ತಂದೆ ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಹಾಕಿದರು. ಉಳುತ್ತಿದ್ದ ಗದ್ದೆ ನಮ್ಮದಾಯಿತು. ನಾನು ಓದಿದ್ದು ಆ ಗದ್ದೆಯ ಭತ್ತದ ದುಡ್ಡಿನಲ್ಲಿ. ಆ ಕಾಯ್ದೆಯಲ್ಲಿ 79ಎ, 79ಬಿ ಅಂತ ಕಲಂಗಳಿದ್ದವು. ಕೃಷಿಕರಲ್ಲದವರು, ಬೇರೆ ಮೂಲದಿಂದ ಹೆಚ್ಚು ಆದಾಯ ಇರುವವರು ಕೃಷಿ ಭೂಮಿ ಕೊಳ್ಳದಂತೆ ಅವು ತಡೆಯುತ್ತಿದ್ದವು. 2020ರಲ್ಲಿ ಬಿಜೆಪಿ ಸರ್ಕಾರ ಅವನ್ನು ಕೈಬಿಟ್ಟಿತು. ರೈತರ ಪಕ್ಷ ಎಂದೇ ಹೇಳಿಕೊಳ್ಳುವ ಜೆಡಿಎಸ್ ಮೊದಲು ವಿರೋಧಿಸಿತ್ತು. ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನಲ್ಲಿ ಅದೇ ಪಕ್ಷದ ಬೆಂಬಲದಿಂದ ಮಸೂದೆ ಪಾಸಾಯಿತು. ಈಗ ಹೇಳು, ಪಕ್ಷ ಹೇಳಿದಂತೆ ಮತ ಹಾಕಿದ ಸದಸ್ಯರಿಗೆ ಎಷ್ಟು ಅಂಕ? ವಿಧೇಯತೆಗೆ ಪೂರ್ತಿ ಅಂಕ. ತತ್ವಕ್ಕೆ ನಾನಂತೂ ಕೊಡಲಾರೆ. ಅವತ್ತು ಆ ಪಕ್ಷದಲ್ಲಿ ಒಬ್ಬರು ಎದ್ದು, ನಾವು ರೈತರಿಗೆ ಕೊಟ್ಟ ಮಾತು ಇದಲ್ಲ ಅಂದು ವಿರುದ್ಧ ನಿಂತಿದ್ದರೆ, ಕಾನೂನಿನ ಕಣ್ಣಿನಲ್ಲಿ ಅವರೇ ತಪ್ಪಿತಸ್ಥರಾಗುವ ಅಪಾಯ ಇತ್ತು.

ಆದ್ದರಿಂದ ನಮ್ಮಲ್ಲಿ ಅಂಕಪಟ್ಟಿಗೆ ಎರಡು ಕಾಲಂ ಬೇಕು. ಶಾಸಕ ಪಕ್ಷದ ಜೊತೆ ನಿಂತನೇ ಎಂಬುದು ಒಂದು. ಪಕ್ಷ ತನ್ನ ಪ್ರಣಾಳಿಕೆಯ ಜೊತೆ ನಿಂತಿತೇ ಎಂಬುದು ಇನ್ನೊಂದು. ಎರಡನೆಯದೇ ನನಗೆ ಮುಖ್ಯ.

ಪ್ರಶ್ನೆ: ರಾಜ್ಯಸಭೆ ಚುನಾವಣೆಯಲ್ಲಿ ಅಡ್ಡ ಮತ ಹಾಕಿದವರು ಶಾಸಕರಾಗಿಯೇ ಉಳಿಯುತ್ತಾರಲ್ಲ, ಹೇಗೆ?
– ಓದುಗರು, ಮಂಡ್ಯ

ಉತ್ತರ: ಅದು ಸದನದ ಒಳಗಿನ ಮತದಾನ ಅಲ್ಲ, ಚುನಾವಣೆ. 2006ರ ಕುಲದೀಪ್ ನಯ್ಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಲ್ಲಿ ಹತ್ತನೇ ಅನುಸೂಚಿ ಅನ್ವಯಿಸುವುದಿಲ್ಲ ಅಂದಿದೆ. ಪಕ್ಷ ಉಚ್ಚಾಟಿಸಬಹುದು, ಸ್ಥಾನ ಹೋಗುವುದಿಲ್ಲ.

ಪ್ರಶ್ನೆ: ಪಕ್ಷದ ತತ್ವ ಒಂದು ಕಡೆ, ಕ್ಷೇತ್ರದ ಜನರ ಹಿತ ಇನ್ನೊಂದು ಕಡೆ ಎಳೆದರೆ ಶಾಸಕ ಯಾವ ಕಡೆ ಹೋಗಬೇಕು?
– ಶಾಲಾ ಶಿಕ್ಷಕರು, ಹೊಸನಗರ

ಉತ್ತರ: ದಾವಣಗೆರೆಯವರು ಟೆಕ್ಸಾಸ್ ಅಂದಿದ್ದರಿಂದ ಅಲ್ಲಿನದೇ ಉದಾಹರಣೆ ಕೊಡುತ್ತೇನೆ. ನೀವು ಶಿಕ್ಷಕರು, ನಿಮಗೆ ಬೇಗ ಅರ್ಥವಾಗುತ್ತದೆ.

ಖಾಸಗಿ ಶಾಲೆಗೆ ಹೋಗುವ ಮಕ್ಕಳ ಶುಲ್ಕಕ್ಕೆ ಸರ್ಕಾರದ ಹಣ ಕೊಡುವ ಯೋಜನೆಯನ್ನು ಟೆಕ್ಸಾಸ್‌ನ ರಿಪಬ್ಲಿಕನ್ ಗವರ್ನರ್ ಗ್ರೆಗ್ ಅಬಾಟ್ ಪಟ್ಟು ಹಿಡಿದು ತಂದರು. ಪಕ್ಷದ ನಿಲುವೂ ಅದರ ಪರ ಇತ್ತು. 2023ರ ನವೆಂಬರ್ 17ರಂದು ಅಲ್ಲಿನ ಕೆಳಮನೆಯಲ್ಲಿ ಅದನ್ನು ಮಸೂದೆಯಿಂದ ತೆಗೆಯುವ ತಿದ್ದುಪಡಿ 84–63 ಮತಗಳಿಂದ ಗೆದ್ದಿತು. ಅದೇ ರಿಪಬ್ಲಿಕನ್ ಪಕ್ಷದ 21 ಶಾಸಕರು ಡೆಮಾಕ್ರಟರ ಜೊತೆ ಸೇರಿದ್ದರು. ಅವರಲ್ಲಿ ಬಹಳ ಮಂದಿ ಹಳ್ಳಿಗಾಡಿನ ಕ್ಷೇತ್ರದವರು. ಅಂಥ ಊರುಗಳಲ್ಲಿ ಖಾಸಗಿ ಶಾಲೆ ಇರುವುದೇ ಅಪರೂಪ. ಎಷ್ಟೋ ಕಡೆ ಜಾಸ್ತಿ ಜನಕ್ಕೆ ಕೆಲಸ ಕೊಟ್ಟಿರುವುದೂ ಸರ್ಕಾರಿ ಶಾಲೆಯೇ.  ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ 2024ರ ಪ್ರಾಥಮಿಕ ಚುನಾವಣೆಯಲ್ಲಿ, ಇವರಲ್ಲಿ ಮತ್ತೆ ಸ್ಪರ್ಧಿಸಿದ ಹಲವರ ಎದುರಾಳಿಗಳ ಪರ ಗವರ್ನರ್ ಪ್ರಚಾರ ಮಾಡಿದರು. ಹಲವರು ಸೋತರು. 2025ರ ಮೇ ತಿಂಗಳಲ್ಲಿ ಯೋಜನೆ ಕಾನೂನಾಯಿತು.

ಅದೇ ವರ್ಷಗಳಲ್ಲಿ ಅಲ್ಲಿನ ಸ್ಪೀಕರ್ ಡೇಡ್ ಫೀಲನ್ ಅವರಿಗೆ ಅವರದೇ ಪಕ್ಷದ ರಾಜ್ಯ ಸಮಿತಿ ಛೀಮಾರಿ ಹಾಕಿತು. ಪಕ್ಷದವರೇ ಆದ ಅಟಾರ್ನಿ ಜನರಲ್ ಮೇಲೆ ಮಹಾಭಿಯೋಗಕ್ಕೆ ಅವಕಾಶ ಕೊಟ್ಟಿದ್ದು, ಡೆಮಾಕ್ರಟರನ್ನು ಸಮಿತಿ ಅಧ್ಯಕ್ಷರನ್ನಾಗಿ ಮಾಡಿದ್ದು ಆರೋಪಗಳಲ್ಲಿ ಸೇರಿದ್ದವು. ಆದರೂ 2024ರ ಮೇ 28ರಂದು ಪ್ರಾಥಮಿಕ ಚುನಾವಣೆಯ ಎರಡನೇ ಸುತ್ತಿನಲ್ಲಿ ಅವರ ಕ್ಷೇತ್ರದ ಮತದಾರರು ಕೆಲವೇ ನೂರು ಮತಗಳಿಂದ ಅವರನ್ನು ಉಳಿಸಿಕೊಂಡರು.

ಯಾವ ಕಡೆ ಹೋಗಬೇಕು ಅಂತ ನೀವು ನೇರವಾಗಿ ಕೇಳಿದ್ದೀರಿ. ಮೇಷ್ಟ್ರೇ, ಆ 21 ಜನ ಸರಿ ಮಾಡಿದರು ಅಂತ ನಾನು ನಂಬುತ್ತೇನೆ. ತಮ್ಮ ಊರಿನ ಶಾಲೆ ಗೊತ್ತಿದ್ದವರು ಅವರು. ಅವರು ಸೋತಿದ್ದೂ ಅನ್ಯಾಯವೇನಲ್ಲ. ಎಲ್ಲವೂ ಹೆಸರು ಸಮೇತ ಜನರ ಮುಂದಿತ್ತು, ಜನ ತೀರ್ಮಾನಿಸಿದರು. ನಮ್ಮಲ್ಲಿ ಆ ಅವಕಾಶವೇ ಇಲ್ಲ.

ಅಂಕಪಟ್ಟಿಯ ಅಪಾಯವೂ ಇಲ್ಲೇ ಕಾಣುತ್ತದೆ. ಯಾವ ಮತದಾನಗಳನ್ನು ಆರಿಸಬೇಕು ಎಂದು ನಿರ್ಧರಿಸುವವರ ಕೈಯಲ್ಲಿ ಫಲಿತಾಂಶ ಇರುತ್ತದೆ. ತತ್ವದ ಹೆಸರಲ್ಲಿ ಮುಖಂಡರ ಮೇಲಿನ ನಿಷ್ಠೆಯನ್ನು ಅಳೆದುಬಿಡಬಹುದು. ಆದ್ದರಿಂದ ಪಕ್ಷದವರು ಕೊಡುವ ಅಂಕಕ್ಕಿಂತ ನೀವು ಕೊಡುವ ಅಂಕ ಮೇಲು.

ಪ್ರಶ್ನೆ: ನಮ್ಮ ಶಾಸಕರಿಗೆ ನಾನೇ ಅಂಕ ಕೊಡಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಪಕ್ಷದ ಸಂವಿಧಾನದಿಂದ ಶುರು ಮಾಡಬೇಡಿ. ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಂ ಪ್ರಕಾರ ನೋಂದಣಿಯಾಗುವ ಪ್ರತಿ ಪಕ್ಷವೂ ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವಕ್ಕೆ ನಿಷ್ಠೆ ಎಂದು ಬರೆದುಕೊಡಲೇಬೇಕು. ಅಲ್ಲಿ ಎಲ್ಲರದ್ದೂ ಒಂದೇ ಮಾತು.

ಪ್ರಣಾಳಿಕೆ ಇಟ್ಟುಕೊಳ್ಳಿ. ಅದರಲ್ಲಿ ನಿಮಗೆ ತಟ್ಟುವ ನಾಲ್ಕೈದು ಭರವಸೆಗೆ ಗೆರೆ ಎಳೆಯಿರಿ. ಅಡಿಕೆ ಇರಬಹುದು, ಬಗರ್‌ಹುಕುಂ ಇರಬಹುದು, ಆಸ್ಪತ್ರೆ ಇರಬಹುದು. ಮತದ ದಾಖಲೆ ಸಿಗದಿದ್ದರೂ ಮಾತಿನ ದಾಖಲೆ ಸಿಗುತ್ತದೆ. ನಿಮ್ಮ ಶಾಸಕರು ಆ ವಿಷಯದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದದ್ದು) ಕೇಳಿದ್ದಾರಾ? ಮಸೂದೆ ಚರ್ಚೆಯಲ್ಲಿ ಎದ್ದು ನಿಂತರಾ? ಗಮನ ಸೆಳೆಯುವ ಸೂಚನೆ ಕೊಟ್ಟರಾ? ವಿಧಾನಸಭೆಯ ಜಾಲತಾಣದಲ್ಲಿ ನಡವಳಿಗಳನ್ನು ನೋಡಿ. ಅಲ್ಲಿ ಸಿಗದ್ದಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.

ನೀವು ತೀರ್ಥಹಳ್ಳಿಯವರು. ಶಾಂತವೇರಿ ಗೋಪಾಲಗೌಡರು ನಿಮ್ಮ ಕ್ಷೇತ್ರವನ್ನು ಪ್ರತಿನಿಧಿಸಿದವರು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಪರ ನಿಂತವರು. ಮರುವರ್ಷ ಶಾಸಕರಾಗಿ ಸದನಕ್ಕೆ ಹೋದ ಮೇಲೂ ಅದನ್ನೇ ಮಾತಾಡಿದರು. ವಿರೋಧ ಪಕ್ಷದಲ್ಲಿದ್ದವರ ಮತಕ್ಕೆ ಮಸೂದೆ ನಿಲ್ಲಿಸುವ ಬಲ ಎಲ್ಲಿಂದ ಬರಬೇಕು? ಆದರೂ ಅವರು ಏನನ್ನು ನಂಬಿದ್ದರು ಎಂಬ ಬಗ್ಗೆ ಯಾರಿಗೂ ಅನುಮಾನ ಇಲ್ಲ. ಅವರ ಮಾತುಗಳು ನಡವಳಿಯಲ್ಲಿ ಇವೆ. ಅವನ್ನು ಓದಿ, ಆಮೇಲೆ ಇವತ್ತಿನದನ್ನು ಓದಿ.

ಇನ್ನೊಂದು ಕೆಲಸ ಖಂಡಿತ ಮಾಡಿ. ನಿಮ್ಮ ಶಾಸಕರು ಊರಿಗೆ ಬಂದಾಗ ಒಂದು ಪ್ರಶ್ನೆ ಕೇಳಿ. ಮುಂದಿನ ಅಧಿವೇಶನದಲ್ಲಿ ಮಸೂದೆ ಮತಕ್ಕೆ ಬಂದಾಗ ಎದ್ದು ಡಿವಿಷನ್ ಕೇಳುತ್ತೀರಾ? ಅವರು ಏನಂದರು ಅಂತ ನನಗೆ ಬರೆದು ತಿಳಿಸಿ.