ಅಕ್ವೇರಿಯಂ ಪ್ರಶ್ನೋತ್ತರ: ಹಲವು ಜಾತಿ, ಒಂದೇ ಟ್ಯಾಂಕ್

ಪ್ರಶ್ನೆ: ನಮ್ಮ ಟ್ಯಾಂಕ್ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ ಇದೆ. ನಿಯಾನ್ ಟೆಟ್ರಾ, ಗಪ್ಪಿ, ಏಂಜಲ್, ಟೈಗರ್ ಬಾರ್ಬ್, ಜೊತೆಗೆ ಗಾಜಿನ ಪಾಚಿ ತಿನ್ನಲು ಒಂದು ಸಕ್ಕರ್ ಮೀನು ಬಿಡಬೇಕೆಂದಿದ್ದೇವೆ. ಇವು ಹೊಂದಿಕೊಂಡು ಇರುತ್ತವೆಯೇ?

ಉತ್ತರ: ಇರುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಬೇಟೆಗಾರನೂ ಇದ್ದಾನೆ, ಬೇಟೆಯೂ ಇದೆ, ನಡುವೆ ಬಾಲ ಕಚ್ಚುವ ಪುಂಡರೂ ಇದ್ದಾರೆ. ಏಂಜಲ್ ಮರಿ ನೋಡಲು ಪುಟ್ಟದಾಗಿರುತ್ತದೆ. ಬೆಳೆದಾಗ ಅದರ ಮೇಲಿನ ಕೆಳಗಿನ ರೆಕ್ಕೆ ಸೇರಿ 20 ಸೆಂ.ಮೀ.ಗೂ ಹೆಚ್ಚು ಎತ್ತರವಾಗುತ್ತದೆ; ಮಣ್ಣು, ಮರಳು ಹಾಸಿದ ಮೇಲೆ ನಿಮ್ಮ ಟ್ಯಾಂಕಿನಲ್ಲಿ ಉಳಿಯುವ ನೀರಿನ ಎತ್ತರ ಅದಕ್ಕೆ ಸಾಲದು. ಆ ಹೊತ್ತಿಗೆ ಮೂರು ಸೆಂ.ಮೀ.ಯ ನಿಯಾನ್ ಅದರ ಬಾಯಿಗೆ ಸರಿಯಾಗಿ ಹಿಡಿಯುವ ತುತ್ತು. ಟೈಗರ್ ಬಾರ್ಬ್ ಗಪ್ಪಿಯ ಬಾಲವನ್ನೂ ಏಂಜಲ್‌ನ ದಾರದಂಥ ರೆಕ್ಕೆಗಳನ್ನೂ ಕಿತ್ತು ತಿನ್ನುತ್ತದೆ. ಎರಡು ಮೂರೇ ಬಿಟ್ಟರೆ ಈ ಚಟ ಇನ್ನೂ ಜಾಸ್ತಿ. ಎಂಟಕ್ಕಿಂತ ಹೆಚ್ಚಿದ್ದರೆ ಜಗಳ ತಮ್ಮತಮ್ಮಲ್ಲೇ ಮುಗಿಯುತ್ತದೆ, ಆದರೆ ಅಷ್ಟು ಬಾರ್ಬ್‌ಗಳಿಗೆ ನಿಮ್ಮದಕ್ಕಿಂತ ದೊಡ್ಡ ಟ್ಯಾಂಕ್ ಬೇಕು. ಇನ್ನು ಸಾಮಾನ್ಯ ಸಕ್ಕರ್ ಮೀನು 30 ಸೆಂ.ಮೀ. ದಾಟಿ ಬೆಳೆಯುತ್ತದೆ. ದೊಡ್ಡದಾದಂತೆ ಪಾಚಿಯ ಮೇಲಿನ ಆಸೆ ಕಡಿಮೆಯಾಗಿ, ಅದು ಹಾಕುವ ಕಸವೇ ಅದು ತಿನ್ನುವ ಪಾಚಿಗಿಂತ ಹೆಚ್ಚಾಗುತ್ತದೆ.

ಲೆಕ್ಕದಲ್ಲಿ ನಿಮ್ಮ ಟ್ಯಾಂಕ್ 54 ಲೀಟರ್. ಮರಳು, ಕಲ್ಲು, ಮೇಲೆ ಬಿಟ್ಟ ಖಾಲಿ ಜಾಗ ಕಳೆದರೆ ಸುಮಾರು 45 ಲೀಟರ್ ನೀರು ಸಿಗುತ್ತದೆ. ಇಷ್ಟು ಲೀಟರಿಗೆ ಇಷ್ಟು ಸೆಂಟಿಮೀಟರ್ ಮೀನು ಎಂಬ ಸೂತ್ರವನ್ನು ನಂಬಬೇಡಿ. ಮೀನಿನ ಉದ್ದ ಎರಡು ಪಟ್ಟಾದರೆ ಮೈತೂಕ ಸುಮಾರು ಎಂಟು ಪಟ್ಟಾಗುತ್ತದೆ, ಹೊರಹಾಕುವ ಕಸವೂ ಅದಕ್ಕೆ ತಕ್ಕಂತೆ ಏರುತ್ತದೆ.

ನಿಮ್ಮ ನೀರು ಮೆದುವಾಗಿದ್ದು ಪಿಎಚ್ 6ರಿಂದ 7ರೊಳಗಿದ್ದರೆ ಎಂಟು ನಿಯಾನ್, ತಳದಲ್ಲಿ ಓಡಾಡುವ ಪುಟ್ಟ ಮೀಸೆಮೀನು ಪಿಗ್ಮಿ ಕೋರಿಡೋರಾಸ್ ಆರು, ಹನಿ (ಜೇನು) ಗೌರಾಮಿ ಎಂಬ ಮೀನು ಒಂದು ಬಿಡಿ. ಹೀಗೆ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಮೀನಿರುತ್ತದೆ. ನೀರು ಗಡಸಾಗಿದ್ದು ಪಿಎಚ್ 7.5ರ ಆಚೆ ಇದ್ದರೆ ನಿಯಾನ್ ಆಸೆ ಬಿಟ್ಟು ಗಪ್ಪಿ ಸಾಕಿ, ಅದೂ ಗಂಡು ಮಾತ್ರ. ಹೆಣ್ಣು ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಒಮ್ಮೆ ಗಂಡಿನ ಜೊತೆ ಇದ್ದರೆ ಸಾಕು, ಬೀಜವನ್ನು ಒಳಗೇ ಉಳಿಸಿಕೊಂಡು ತಿಂಗಳುಗಟ್ಟಲೆ ಮರಿ ಹಾಕುತ್ತಲೇ ಇರುತ್ತದೆ. ಗಾಜಿನ ಪಾಚಿಗೆ ಒಂದೆರಡು ನೆರೈಟ್ ಬಸವನಹುಳು ಸಾಕು.

ಪ್ರಶ್ನೆ: ಹೊಸ ಟ್ಯಾಂಕಿಗೆ ನೀರು ತುಂಬಿ, ಎರಡು ದಿನ ಫಿಲ್ಟರ್ ಓಡಿಸಿ ಹನ್ನೆರಡು ಮೀನು ಬಿಟ್ಟೆವು. ನಾಲ್ಕನೇ ದಿನದಿಂದ ಒಂದೊಂದೇ ಸಾಯುತ್ತಿವೆ. ನೀರು ಕನ್ನಡಿಯಂತೆ ತಿಳಿಯಾಗಿದೆ. ಯಾವ ಔಷಧಿ ಹಾಕಬೇಕು?

ಉತ್ತರ: ಔಷಧಿ ಬೇಡ, ಇದು ರೋಗವಲ್ಲ. ಮೀನು ಕಿವಿರಿನಿಂದ ಹಗಲಿರುಳೂ ಅಮೋನಿಯಾ ಬಿಡುತ್ತಿರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ವಿಷ. ನೈಟ್ರೇಟನ್ನು ಮೀನು ಬಹುಮಟ್ಟಿಗೆ ತಡೆಯುತ್ತದೆ, ವಾರದ ನೀರು ಬದಲಾವಣೆಯಲ್ಲಿ ಅದು ಹೊರಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀವು ಕೊಟ್ಟಿದ್ದು ಎರಡು ದಿನ. ಅಮೋನಿಯಾಕ್ಕೂ ನೈಟ್ರೈಟಿಗೂ ಬಣ್ಣವಿಲ್ಲ, ಹಾಗಾಗಿ ತಿಳಿನೀರು ಏನನ್ನೂ ಹೇಳುವುದಿಲ್ಲ. ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ಹೇಳುತ್ತದೆ.

ಉಳಿದ ಮೀನು ಉಳಿಯಬೇಕಾದರೆ ದಿನಾ ಮೂರನೇ ಒಂದು ಭಾಗದಿಂದ ಅರ್ಧದಷ್ಟು ನೀರು ಬದಲಿಸಿ. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿರಬೇಕು, ಶಾಖ ಟ್ಯಾಂಕಿನದ್ದಕ್ಕೆ ಹೊಂದಿರಬೇಕು. ಆಹಾರ ಎರಡು ದಿನಕ್ಕೊಮ್ಮೆ, ಚಿಟಿಕೆಗಿಂತ ಕಡಿಮೆ. ಪಿಎಚ್ ಮೇಲೂ ಕಣ್ಣಿಡಿ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇ. 1ಕ್ಕಿಂತ ಕಡಿಮೆ ಭಾಗ ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಅದು ಶೇ. 5ರಷ್ಟಾಗುತ್ತದೆ. ಒಂದೇ ಅಳತೆಯ ಅಮೋನಿಯಾ ಒಂದು ಮನೆಯಲ್ಲಿ ಮೀನನ್ನು ಕೊಂದು ಇನ್ನೊಂದರಲ್ಲಿ ಬಿಡುವುದು ಇದರಿಂದಲೇ.

ಮುಂದಿನ ಸಲ ಮೀನಿಲ್ಲದ ಟ್ಯಾಂಕನ್ನು ಮೊದಲು ಹಣ್ಣು ಮಾಡಿ, ಅಂದರೆ ಈ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಯೂರುವಂತೆ ಮಾಡಿ. ಫಿಲ್ಟರ್ ನಿಲ್ಲಿಸದೆ, ನೀರು 26ರಿಂದ 28 ಡಿಗ್ರಿ ಇಟ್ಟು, ಸುವಾಸನೆ ಸೋಪು ಬೆರೆಸದ ಅಮೋನಿಯಾವನ್ನು ಲೀಟರಿಗೆ 2 ಮಿ.ಗ್ರಾಂ ಬರುವಷ್ಟು ಹಾಕಿ. ಎರಡು ದಿನಕ್ಕೊಮ್ಮೆ ಪರೀಕ್ಷಿಸಿ, ಇಳಿದಾಗ ಮತ್ತೆ ಅಷ್ಟಕ್ಕೇ ಏರಿಸಿ. ಹಾಕಿದ ಅಮೋನಿಯಾ 24 ಗಂಟೆಯೊಳಗೆ ಸೊನ್ನೆಯಾಗಿ, ನೈಟ್ರೈಟೂ ಸೊನ್ನೆ ತೋರಿಸಿದ ದಿನ ಟ್ಯಾಂಕ್ ಸಿದ್ಧ. ಮುಕ್ಕಾಲು ಪಾಲು ನೀರು ಬದಲಿಸಿ ಐದಾರು ಮೀನು ಬಿಡಿ. ಉಳಿದವು ಎರಡು ವಾರದ ನಂತರ. ರೋಗವಿಲ್ಲದ ಹಳೆಯ ಟ್ಯಾಂಕಿನ ಫಿಲ್ಟರ್ ಸ್ಪಂಜಿನ ತುಂಡು ಸಿಕ್ಕರೆ, ಒಣಗಲು ಬಿಡದೆ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಅದಕ್ಕಿಂತ ಒಳ್ಳೆಯ ಹೆಪ್ಪು ಬೇರೆ ಇಲ್ಲ.

ಪ್ರಶ್ನೆ: ದಿನಕ್ಕೆ ಎಷ್ಟು ಸಲ, ಎಷ್ಟು ಆಹಾರ ಹಾಕಬೇಕು? ಮನೆಯಲ್ಲಿ ನಾಲ್ಕು ಜನರೂ ಹಾಕುತ್ತಾರೆ. ಹತ್ತಿರ ಹೋದರೆ ಸಾಕು, ಮೀನುಗಳು ಹಸಿದವರಂತೆ ಗಾಜಿಗೆ ಬರುತ್ತವೆ.

ಉತ್ತರ: ಅವು ಯಾವಾಗಲೂ ಹಾಗೇ ಬರುತ್ತವೆ. ಮುಂದಿನ ತುತ್ತು ಯಾವಾಗಲೋ ಎಂಬಂತೆ ಸಿಕ್ಕಾಗ ತಿನ್ನುವುದು ಮೀನಿನ ಜಾಯಮಾನ, ಅದನ್ನು ಹಸಿವಿನ ಅಳತೆ ಮಾಡಿಕೊಳ್ಳಬೇಡಿ. ಸಣ್ಣ ಮೀನಿನ ಹೊಟ್ಟೆ ಸುಮಾರು ಅದರ ಕಣ್ಣಿನಷ್ಟು ಎಂದು ಇಟ್ಟುಕೊಂಡರೆ ಕೈ ತಾನೇ ಹಿಡಿತಕ್ಕೆ ಬರುತ್ತದೆ. ದಿನಕ್ಕೆ ಎರಡು ಸಲ, ಪ್ರತಿ ಸಲ ಒಂದು ನಿಮಿಷದಲ್ಲಿ ಪೂರ್ತಿ ಖಾಲಿಯಾಗುವಷ್ಟು. ಕೆಲವು ಡಬ್ಬಿಗಳ ಮೇಲೆ ಐದು ನಿಮಿಷ ಎಂದು ಬರೆದಿರುತ್ತದೆ. ಆ ಮಾತು ಡಬ್ಬಿ ಬೇಗ ಮುಗಿಯಲು ಒಳ್ಳೆಯದು. ವಾರದಲ್ಲಿ ಒಂದು ದಿನ ಬೆಳೆದ ಮೀನುಗಳಿಗೆ ಉಪವಾಸ.

ನಾಲ್ಕು ಕೈಗಳ ಸಮಸ್ಯೆಗೆ ಉಪಾಯ ಇದೆ. ಬೆಳಿಗ್ಗೆ ಒಬ್ಬರೇ ಇಡೀ ದಿನದ ಆಹಾರ ಅಳೆದು ಒಂದು ಪುಟ್ಟ ಡಬ್ಬಿಗೆ ಹಾಕಿಡಲಿ. ಯಾರು ಬೇಕಾದರೂ ಅದರಿಂದ ಹಾಕಬಹುದು, ಅದು ಖಾಲಿಯಾದರೆ ಆ ದಿನಕ್ಕೆ ಮುಗಿಯಿತು. ದೊಡ್ಡ ಡಬ್ಬಿ ಕಪಾಟಿನೊಳಗೆ.

ಇಷ್ಟು ಬಿಗಿ ಏಕೆಂದರೆ, ಹೊಟ್ಟೆಗೆ ಹೋದದ್ದೂ ತಳದಲ್ಲಿ ಕೊಳೆತದ್ದೂ ಕೊನೆಗೆ ನೀರಿಗೇ ಬರುತ್ತದೆ. ಶೇ. 45 ಪ್ರೋಟೀನ್ ಇರುವ ಒಂದು ಗ್ರಾಂ ಒಣ ಆಹಾರದಲ್ಲಿ ಸುಮಾರು 72 ಮಿ.ಗ್ರಾಂ ಸಾರಜನಕ ಇರುತ್ತದೆ. ಅದು ತಿನ್ನದೆ ಉಳಿದು 45 ಲೀಟರ್ ನೀರಿನಲ್ಲಿ ಪೂರ್ತಿ ಕೊಳೆತರೆ ಲೀಟರಿಗೆ 1.6 ಮಿ.ಗ್ರಾಂ ಅಮೋನಿಯಾ-ಸಾರಜನಕವಾಗುತ್ತದೆ. ಹಣ್ಣಾದ ಫಿಲ್ಟರ್ ಅದನ್ನು ಅರಗಿಸಿಕೊಂಡೀತು. ಹೊಸದು ಸೋಲುತ್ತದೆ.

ಹಾಕುವ ರೀತಿಯೂ ಮುಖ್ಯ. ಮೀನಿನ ಬಾಯಿ ನೋಡಿ: ಮೇಲಕ್ಕೆ ತಿರುಗಿದ್ದರೆ ಅದು ನೀರಿನ ಮೇಲ್ಪದರದಲ್ಲಿ ತಿನ್ನುತ್ತದೆ, ನೇರವಾಗಿದ್ದರೆ ನಡುವಿನಲ್ಲಿ, ಕೆಳಕ್ಕೆ ಬಾಗಿದ್ದರೆ ತಳದಲ್ಲಿ. ತೇಲುವ ಫ್ಲೇಕ್ ಮಾತ್ರ ಹಾಕಿದರೆ ಡ್ಯಾನಿಯೊಗಳು ದಪ್ಪಗಾಗುತ್ತವೆ, ನಾಚುವ ಟೆಟ್ರಾಗಳು ಬಡಕಲಾಗುತ್ತವೆ. ಅರ್ಧ ಫ್ಲೇಕನ್ನು ಟ್ಯಾಂಕಿನ ಒಂದು ತುದಿಯಲ್ಲಿ ತೇಲಬಿಟ್ಟು ಚುರುಕಿನವು ಅಲ್ಲಿ ಮುತ್ತಿರುವಾಗ, ಉಳಿದರ್ಧವನ್ನು ಇನ್ನೊಂದು ತುದಿಯಲ್ಲಿ ನೀರೊಳಗೆ ಬೆರಳಲ್ಲಿ ಹಿಡಿದು ಪುಡಿಮಾಡಿ ಬಿಡಿ. ಕಾಳಿನ ರೂಪದ ಆಹಾರವಾದರೆ ಸಣ್ಣ ಟೆಟ್ರಾಗಳಿಗೆ ಅರ್ಧದಿಂದ ಒಂದು ಮಿ.ಮೀ. ಗಾತ್ರದ್ದು ಸಾಕು. ಬಾಯಿಗೆ ಹಾಕಿ ಉಗುಳಿ ಮತ್ತೆ ಹಾಕಿಕೊಳ್ಳುತ್ತಿದ್ದರೆ ಕಾಳು ದೊಡ್ಡದಾಯಿತು ಎಂದೇ ಅರ್ಥ.

ಒಳ್ಳೆಯ ಒಣ ಆಹಾರವೇ ದಿನದ ಊಟ. ವಾರಕ್ಕೆರಡು ಸಲ ಹೆಪ್ಪುಗಟ್ಟಿಸಿದ ಡಾಫ್ನಿಯಾ ಅಥವಾ ಬ್ರೈನ್ ಶ್ರಿಂಪ್ (ಸಿಗಡಿ ಜಾತಿಯ ಪುಟ್ಟ ನೀರುಜೀವಿಗಳು) ಕೊಡಿ. ಬ್ಲಡ್ ವರ್ಮ್ ಎಂಬ ಕೆಂಪು ಹುಳು ವಾರಕ್ಕೊಮ್ಮೆ ಸಾಕು, ಅದರ ರುಚಿ ಹತ್ತಿದ ಮೀನು ಬೇರೆಯದನ್ನು ಮೂಸುವುದಿಲ್ಲ. ಹೆಪ್ಪುಗಟ್ಟಿದ್ದನ್ನು ನೇರ ಟ್ಯಾಂಕಿಗೆ ಹಾಕದೆ, ಪುಟ್ಟ ಬಟ್ಟಲಿನಲ್ಲಿ ಟ್ಯಾಂಕಿನ ನೀರು ಹಾಕಿ ಕರಗಿಸಿ, ಸೋಸಿ, ಆ ನೀರು ಚೆಲ್ಲಿ. ಕೊಳಕು ನೀರಿನಿಂದ ಹಿಡಿದ ಜೀವಂತ ಟ್ಯೂಬಿಫೆಕ್ಸ್ ಹುಳುವಿನ ಸಹವಾಸ ಬೇಡ, ಹುಳುವಿನ ಜೊತೆ ರೋಗವೂ ಬರುತ್ತದೆ. ಮಾಲಿ, ಪ್ಲಾಟಿ ಜಾತಿಯ ಮೀನುಗಳಿಗೆ ಸೊಪ್ಪಿನಂಶ ಬೇಕು: ಸ್ಪಿರುಲಿನಾ ಪಾಚಿ ಇರುವ ಫ್ಲೇಕ್, ಇಲ್ಲವೇ ಬೇಯಿಸಿ ಸಿಪ್ಪೆ ಸುಲಿದು ಹಿಸುಕಿದ ಹಸಿ ಬಟಾಣಿ.

ಡಬ್ಬಿ ತೆರೆದ ಮೇಲೆ ಗಾಳಿ ತಾಗಿ ವಿಟಮಿನ್ ಸಿ ಕರಗುತ್ತ ಹೋಗುತ್ತದೆ, ಎಣ್ಣೆಯಂಶ ಕಮಟುತ್ತದೆ. ಎರಡು ಮೂರು ತಿಂಗಳಲ್ಲಿ ಮುಗಿಯುವಷ್ಟು ಸಣ್ಣ ಡಬ್ಬಿ ಕೊಳ್ಳಿ, ಒದ್ದೆ ಕೈ ಹಾಕಬೇಡಿ. ಅಂಟಂಟಾದ ಫ್ಲೇಕ್ ಕಸದ ಬುಟ್ಟಿಗೆ.

ಪ್ರಶ್ನೆ: ತಳದಲ್ಲಿ ಬಿದ್ದ ಆಹಾರ ತಿಂದು ಸ್ವಚ್ಛ ಮಾಡುತ್ತವೆಂದು ಎರಡು ಕೋರಿಡೋರಾಸ್ ತಂದೆವು. ಈಗ ಹೊಟ್ಟೆ ಒಳಗೆ ಹೋಗಿದೆ, ಮೀಸೆ ಮೊಂಡಾಗಿದೆ. ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುತ್ತವೆ.

ಉತ್ತರ: ಗಾಳಿ ನುಂಗುವುದರ ಬಗ್ಗೆ ಚಿಂತೆ ಬೇಡ. ಅವು ಕರುಳಿನ ಮೂಲಕವೂ ಆಮ್ಲಜನಕ ಹೀರಬಲ್ಲವು, ಆಗೊಮ್ಮೆ ಈಗೊಮ್ಮೆ ಹಾಗೆ ಮಾಡುವುದು ಸಹಜ. ಉಳಿದೆರಡು ನಿಜವಾದ ತೊಂದರೆಗಳು. ಎಂಜಲು ತಿಂದು ಬದುಕಲೆಂದು ಯಾವ ಮೀನನ್ನೂ ತರಬಾರದು. ಮೇಲಿನವು ಅಚ್ಚುಕಟ್ಟಾಗಿ ತಿಂದರೆ ಕೆಳಗಿನವಕ್ಕೆ ಏನೂ ಉಳಿಯುವುದಿಲ್ಲ. ದೀಪ ಆರಿಸಿ ಅರ್ಧ ಗಂಟೆಯ ನಂತರ, ಮೇಲಿನವು ಮಂಕಾದಾಗ, ಮುಳುಗುವ ಬಿಲ್ಲೆಯನ್ನು ಮುರಿದು ಎರಡು ಕಡೆ ಹಾಕಿ. ಬೆಳಿಗ್ಗೆ ಉಳಿದಿದ್ದರೆ ಸೈಫನ್ ಕೊಳವೆಯಿಂದ ತೆಗೆದು ಮರುದಿನ ಕಡಿಮೆ ಮಾಡಿ. ಮೀಸೆ ಸವೆಯುವುದಕ್ಕೆ ಚೂಪು ಕಲ್ಲೂ ಕೊಳಕು ತಳವೂ ಕಾರಣ. ನಯವಾದ ಮರಳು ಹಾಸಿ, ವಾರಕ್ಕೊಮ್ಮೆ ತಳ ಹೀರಿ ತೆಗೆದರೆ ಮೀಸೆ ಮತ್ತೆ ಚಿಗುರಬಹುದು. ಟ್ಯಾಂಕಿನಲ್ಲಿ ಜಾಗವಿದ್ದರೆ ಎರಡನ್ನು ಆರು ಮಾಡಿ, ಅದೇ ಜಾತಿಯವು.

ಪ್ರಶ್ನೆ: ಹತ್ತು ದಿನ ಮನೆಯಲ್ಲಿ ಇರುವುದಿಲ್ಲ. ಮೀನಿಗೆ ಏನು ಮಾಡುವುದು?

ಉತ್ತರ: ಆರೋಗ್ಯವಾಗಿರುವ ಬೆಳೆದ ಮೀನು ಒಂದು ವಾರ ಉಪವಾಸ ಇದ್ದರೆ ಏನೂ ಆಗದು, ಮರಿಗಳಿಗೆ ಇದು ಅನ್ವಯಿಸುವುದಿಲ್ಲ. ಹತ್ತು ದಿನಕ್ಕಾದರೆ ತಾನೇ ಆಹಾರ ಹಾಕುವ ಯಂತ್ರ ಇಡಿ, ಆದರೆ ಹೊರಡುವ ಒಂದು ವಾರ ಮೊದಲೇ ಹಚ್ಚಿ ಎಷ್ಟು ಬೀಳುತ್ತದೆಂದು ನೋಡಿ. ತೇವಕ್ಕೆ ಬಾಯಿ ಕಟ್ಟಿಕೊಳ್ಳುವುದು, ಒಮ್ಮೆಗೇ ಸುರಿಯುವುದು ಎರಡೂ ಆಗುತ್ತವೆ. ಪಕ್ಕದ ಮನೆಯವರಿಗೆ ಒಪ್ಪಿಸುವುದಾದರೆ ಒಂದೊಂದು ಸಲದ್ದನ್ನು ಪೊಟ್ಟಣ ಕಟ್ಟಿ ಕೊಡಿ, ಡಬ್ಬಿ ಕೊಡಬೇಡಿ. ರಜೆಗೆಂದು ಮಾರುವ ಸುಣ್ಣದಂಥ ಬಿಳಿ ಆಹಾರದ ಬಿಲ್ಲೆಗಳು ಬೇಡ. ಹೊರಡುವ ಎರಡು ದಿನ ಮೊದಲು ಮೂರನೇ ಒಂದು ಭಾಗ ನೀರು ಬದಲಿಸಿ. ಫಿಲ್ಟರ್ ಮುಟ್ಟಬೇಡಿ, ಹೊಸ ಮೀನು ತರಬೇಡಿ.

ಪ್ರಶ್ನೆ: ಫಿಲ್ಟರ್ ಬಿಚ್ಚಿ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು ಸ್ಪಂಜೂ ಹೊಸದು ಹಾಕಿದೆ. ಎರಡು ದಿನದಲ್ಲಿ ನೀರು ಹಾಲಿನಂತಾಗಿದೆ, ಬೆಳಗಿನ ಹೊತ್ತು ಎಲ್ಲ ಮೀನೂ ಮೇಲೆ ಬಾಯಿ ಬಿಡುತ್ತಿವೆ.

ಉತ್ತರ: ಕ್ಲೋರಿನ್ ಇರುವ ನೀರಿನಲ್ಲಿ ತೊಳೆದು, ಸ್ಪಂಜನ್ನೂ ಎಸೆದಾಗ ಫಿಲ್ಟರಿನ ಜೀವವೇ ಹೋಯಿತು. ಟ್ಯಾಂಕ್ ಮತ್ತೆ ಮೊದಲ ದಿನಕ್ಕೆ ಬಂದಿದೆ. ಹಾಲಿನಂತೆ ಕಾಣುವುದು ನೀರಲ್ಲಿ ತೇಲುವ ಬೇರೆ ಬ್ಯಾಕ್ಟೀರಿಯಾಗಳ ಮೋಡ, ಅವೂ ಆಮ್ಲಜನಕ ಕುಡಿಯುತ್ತವೆ. ರಾತ್ರಿ ಗಿಡಗಳೂ ಆಮ್ಲಜನಕ ಬಳಸುವುದರಿಂದ ಬೆಳಗಿನ ಜಾವಕ್ಕೆ ಕೊರತೆ ತಾರಕಕ್ಕೇರುತ್ತದೆ. ನೀರು ಬಿಸಿಯಾದಷ್ಟೂ ಕಷ್ಟ: 25 ಡಿಗ್ರಿಯ ನೀರು ಲೀಟರಿಗೆ ಹೆಚ್ಚೆಂದರೆ 8.3 ಮಿ.ಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 30 ಡಿಗ್ರಿಯಲ್ಲಿ 7.6 ಮಾತ್ರ.

ಈಗಲೇ ಏರ್ ಪಂಪ್ ಹಾಕಿ, ಫಿಲ್ಟರಿನ ಬಾಯಿಯನ್ನು ನೀರಿನ ಮೇಲ್ಮೈ ಅಲುಗುವಂತೆ ತಿರುಗಿಸಿ. ಎರಡು ದಿನ ಆಹಾರ ನಿಲ್ಲಿಸಿ, ದಿನಾ ಮೂರನೇ ಒಂದು ಭಾಗ ನೀರು ಬದಲಿಸಿ. ಮುಂದೆ ತೊಳೆಯುವಾಗ ಸೈಫನ್ ಮಾಡಿ ತೆಗೆದ ಟ್ಯಾಂಕಿನ ನೀರಿನ ಬಕೆಟ್ಟಿನಲ್ಲೇ ಸ್ಪಂಜನ್ನು ಎರಡು ಮೂರು ಸಲ ಹಿಂಡಿ, ಕಂದು ಬಣ್ಣ ಉಳಿದರೂ ಉಳಿಯಲಿ. ಹರಿದು ಚಿಂದಿಯಾಗುವವರೆಗೆ ಸ್ಪಂಜು ಬದಲಿಸುವ ಅಗತ್ಯವಿಲ್ಲ. ಬದಲಿಸುವಾಗಲೂ ಹಳೆಯದರ ಪಕ್ಕದಲ್ಲಿ ಹೊಸದನ್ನು ಒಂದು ತಿಂಗಳು ಇಡಿ. ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಕ್ಲೋರಮೈನ್ (ಕ್ಲೋರಿನ್‌ಗೆ ಅಮೋನಿಯಾ ಸೇರಿದ್ದು) ಹೋಗುವುದಿಲ್ಲ; ಅದಕ್ಕೆ ದ್ರಾವಣವೇ ಬೇಕು.

ಪ್ರಶ್ನೆ: ಟೆಟ್ರಾಗಳ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ. ಔಷಧಿ ಹಾಕಿದೆವು, ಮೂರು ದಿನಕ್ಕೆ ಮಾಯವಾಗಿ ವಾರಕ್ಕೆ ಇಮ್ಮಡಿ ಬಂತು.

ಉತ್ತರ: ಇದು ಇಕ್, ಚುಕ್ಕೆ ರೋಗ. ಒಂದೊಂದು ಚುಕ್ಕೆಯೊಳಗೂ ಮೀನಿನ ಮೇಲೆ ಬದುಕುವ ಒಂದು ಪರಾವಲಂಬಿ ಜೀವಿ ಇರುತ್ತದೆ. ಚುಕ್ಕೆ ಮಾಯವಾಗಿದ್ದು ವಾಸಿಯಾಗಿ ಅಲ್ಲ, ಹಣ್ಣಾಗಿ ತಳಕ್ಕೆ ಬಿದ್ದು. ಅಲ್ಲಿ ಗೂಡು ಕಟ್ಟಿ ನೂರಾರು ಮರಿಗಳಾಗಿ ಒಡೆದು ಮತ್ತೆ ಮೀನು ಹುಡುಕುತ್ತವೆ. ಚರ್ಮದೊಳಗೆ ಇರುವಾಗಲೂ ಗೂಡಿನೊಳಗೆ ಇರುವಾಗಲೂ ಔಷಧಿ ತಾಗದು, ಈಜುವ ಮರಿಯನ್ನು ಮಾತ್ರ ಕೊಲ್ಲುತ್ತದೆ. ಆದ್ದರಿಂದ ಒಟ್ಟು 10ರಿಂದ 14 ದಿನ ಚಿಕಿತ್ಸೆ ನಡೆಯಬೇಕು. ನೀರಿನ ಶಾಖವನ್ನು ಏಳೆಂಟು ಗಂಟೆಗೆ ಒಂದು ಡಿಗ್ರಿಯಂತೆ 29–30ಕ್ಕೆ ಏರಿಸಿದರೆ ಈ ಚಕ್ರ ಬೇಗ ತಿರುಗಿ ಮರಿಗಳು ಬೇಗ ಹೊರಬರುತ್ತವೆ. ಏರ್ ಪಂಪ್ ಜೋರಾಗಿರಲಿ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಅದು ಔಷಧಿಯನ್ನೇ ಹೀರುತ್ತದೆ. ಮ್ಯಾಲಕೈಟ್ ಗ್ರೀನ್ ಇರುವ ಔಷಧಿಯಾದರೆ ಟೆಟ್ರಾ, ಕೋರಿಡೋರಾಸ್ ಇರುವ ಟ್ಯಾಂಕಿಗೆ ಅರ್ಧ ಪ್ರಮಾಣ. ಚುಕ್ಕೆ ಬಂದ ಮೀನನ್ನಷ್ಟೇ ಬೇರೆ ಮಾಡಿ ಪ್ರಯೋಜನವಿಲ್ಲ, ರೋಗ ಇಡೀ ಟ್ಯಾಂಕಿನದು. ತಳವನ್ನು ದಿನಾ ಹೀರಿ ತೆಗೆಯಿರಿ, ತೆಗೆದ ನೀರಿನ ಪಾಲಿನಷ್ಟು ಔಷಧಿ ಮರುಸೇರಿಸಿ. ಇನ್ನು ಮುಂದೆ ಹೊಸ ಮೀನನ್ನು ಮೂರು ವಾರ ಬೇರೆ ಪುಟ್ಟ ಟ್ಯಾಂಕಿನಲ್ಲಿ ಇಟ್ಟು ನೋಡಿ, ಅದರ ಬಲೆಯನ್ನೂ ಬೇರೆಯೇ ಇಡಿ.

ಪ್ರಶ್ನೆ: ಇದೇ ಟ್ಯಾಂಕಿಗೆ ಒಂದೇ ಒಂದು ಗೋಲ್ಡ್ ಫಿಶ್ ಹಾಕಬಹುದೇ?

ಉತ್ತರ: ಬೇಡ. ಅದಕ್ಕೆ ತಂಪು ನೀರು ಬೇಕು, ನಿಯಾನ್‌ಗಳಿಗೆ ಬೆಚ್ಚಗಿನದು. ಕಸವನ್ನು ಎಲ್ಲರಿಗಿಂತ ಹೆಚ್ಚು ಮಾಡುತ್ತದೆ, ಬೆಳೆದ ಮೇಲೆ ನಿಯಾನ್‌ಗಳನ್ನೇ ನುಂಗುತ್ತದೆ.