ನರ್ಸಮ್ಮನಿಗೆ ಕೇಳಿ: ಕೆಂಪು ಮಾತ್ರೆ ಮತ್ತು ಕಾಫಿ ಲೋಟ

ಪ್ರಶ್ನೆ: ನಮಸ್ಕಾರ ನರ್ಸಮ್ಮ. ನನ್ನ ಸೊಸೆಗೆ ಈಗ ಐದು ತಿಂಗಳು. ಹಿಮೋಗ್ಲೋಬಿನ್ 9.2 ಬಂತು, ರಕ್ತ ಕಮ್ಮಿ, ದಿನಾ ಎರಡು ಕಬ್ಬಿಣದ ಕೆಂಪು ಮಾತ್ರೆ ಕೊಡಿ ಅಂದರು. ಒಂದು ತಿಂಗಳಿಂದ ನಾನೇ ಕೈಯಾರೆ ಕೊಡುತ್ತಿದ್ದೇನೆ. ಅದರ ವಾಸನೆಗೆ ಅವಳಿಗೆ ವಾಕರಿಕೆ. ಅದಕ್ಕೇ ಬಿಸಿ ಕಾಫಿ ಜೊತೆ ನುಂಗಿಸುತ್ತೇನೆ. ಮೊನ್ನೆ ಮತ್ತೆ ನೋಡಿಸಿದರೆ 9.3, ಅಷ್ಟೇ. ಪಕ್ಕದ ಮನೆಯವರು ಬೇರೆ, ಈ ಮಾತ್ರೆ ತಿಂದರೆ ಮಗು ಕಪ್ಪಗಾಗುತ್ತೆ ಅಂತಾರೆ. ಮಲವೂ ಕಪ್ಪಗೆ ಹೋಗುತ್ತಿದೆಯಂತೆ. ನಿಲ್ಲಿಸಿಬಿಡಲಾ?
– ಒಬ್ಬ ಅತ್ತೆ, ಆಲ್ದೂರು

ಉತ್ತರ: ಮಾತ್ರೆ ಮುಂದುವರಿಸಿ. ಜೊತೆಗಿರುವ ಕಾಫಿ ಲೋಟ ತೆಗೆಯಿರಿ.

ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ. ಮೊದಲ ಬಸುರಿನಲ್ಲಿ ನಾನೂ ಇದನ್ನೇ ಮಾಡಿದ್ದೆ, ಅದೂ ನರ್ಸ್ ಆಗಿದ್ದುಕೊಂಡು. ಮೂಡಿಗೆರೆ ಕಡೆ ತೋಟದ ಕೂಲಿಯವರ ಲೈನ್ ಮನೆಗಳನ್ನು ಸುತ್ತುತ್ತಿದ್ದ ಕಾಲ ಅದು. ಹೆಗಲ ಚೀಲದಲ್ಲಿ ಮಾತ್ರೆ, ಹೋದ ಮನೆಯಲ್ಲೆಲ್ಲ ಕಾಫಿ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ, ಅಲ್ವಾ? ನನ್ನ ಪಾಲಿನ ಮಾತ್ರೆಯನ್ನೂ ಆ ಕಾಫಿಯಲ್ಲೇ ನುಂಗಿಬಿಡುತ್ತಿದ್ದೆ. ಏಳನೇ ತಿಂಗಳಲ್ಲಿ ರಕ್ತ ನೋಡಿದರೆ 8.4. ಡಾಕ್ಟರಮ್ಮ ಚೀಟಿ ನೋಡಿದರು, ನನ್ನ ಮುಖ ನೋಡಿದರು. "ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲೇ ತಾಯಿ" ಅಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಕಾಫಿಯ ಒಗರು ಹೊಟ್ಟೆಯಲ್ಲಿ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಕಟ್ಟಿದ ಕಬ್ಬಿಣ ರಕ್ತಕ್ಕೆ ಸೇರದೆ ಸುಮ್ನೆ ಹೊರಗೆ ಹೋಗುತ್ತದೆ. 1983ರಲ್ಲಿ ಅಮೆರಿಕದಲ್ಲಿ ಇದನ್ನು ಅಳೆದು ನೋಡಿದ್ದರು. ಊಟದ ಜೊತೆ ಒಂದು ಕಪ್ ಕಾಫಿ ಕುಡಿದರೆ ಮೈಗೆ ಹತ್ತುವ ಕಬ್ಬಿಣ ನೂರಕ್ಕೆ 39ರಷ್ಟು ಕಮ್ಮಿಯಾಯಿತು. ಟೀ ಕುಡಿದರೆ 64ರಷ್ಟು. ನನಗೆ ಆಶ್ಚರ್ಯವಾಗಿದ್ದು ಇನ್ನೊಂದು ಸಂಗತಿ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ತೊಂದರೆ ಆಗಲಿಲ್ಲ. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದರೆ ಮಾತ್ರ, ಜೊತೆಗೇ ಕುಡಿದಷ್ಟೇ ನಷ್ಟ! ನಾವೋ, ಕೈ ತೊಳೆಯುವಷ್ಟರಲ್ಲಿ ಕಾಫಿ ಎಲ್ಲಿ ಅಂತ ಕೇಳುವವರು. ಚಿಕ್ಕಮಗಳೂರಿನವರಿಗೆ ಕಾಫಿ ಬಿಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಒಂದು ಸಣ್ಣ ಲೋಟ ಕುಡಿಯಲಿ, ಸಾಯಂಕಾಲ ಒಂದು. ಮಾತ್ರೆಯ ಹತ್ತಿರಕ್ಕೆ ಮಾತ್ರ ಬಿಡಬೇಡಿ.

ಒಂದು ಮಾತ್ರೆ ರಾತ್ರಿ ಊಟವಾದ ಮೇಲೆ, ಮಲಗುವ ಮುಂಚೆ ಕೊಡಿ. ನಿದ್ದೆ ಬಂದರೆ ವಾಕರಿಕೆ ಗೊತ್ತಾಗುವುದಿಲ್ಲ. ಇನ್ನೊಂದು ಮಧ್ಯಾಹ್ನದ ಊಟದ ಮೇಲೆ, ಅರ್ಧ ನಿಂಬೆಹಣ್ಣು ಹಿಂಡಿದ ನೀರಿನ ಜೊತೆ. ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣಿನ ಹುಳಿ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಲಿನ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದರೆ ಅದನ್ನು ಬೇರೆ ಹೊತ್ತಿಗೆ, ಎರಡು ಗಂಟೆಯಾದರೂ ಬಿಟ್ಟು ಕೊಡಿ. ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ.

ಈ ಮಾತ್ರೆ ಯಾರಿಗೆ ಅಂತ ಸೊಸೆಗೆ ಬಿಡಿಸಿ ಹೇಳಿ. ಬಸುರಿನಲ್ಲಿ ಒಟ್ಟು ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕು. ಅದರಲ್ಲಿ 300ರಷ್ಟು ಮಗುವಿಗೆ ಮತ್ತು ಕಸಕ್ಕೆ, ಅಂದರೆ ಹೊಟ್ಟೆಯಲ್ಲಿ ಮಗುವನ್ನು ಸಾಕುವ ಮಾಸಿಗೆ. ಮಗು ಹೆಚ್ಚಿನ ಪಾಲನ್ನು ಎಳೆದುಕೊಳ್ಳುವುದು ಕೊನೆಯ ಮೂರು ತಿಂಗಳಲ್ಲಿ. ಪ್ರಯಾಣಕ್ಕೆ ಬುತ್ತಿ ಕಟ್ಟಿಕೊಂಡ ಹಾಗೆ. ಹುಟ್ಟಿದ ಮೇಲೆ ಎದೆಹಾಲಿನಲ್ಲಿ ಎಲ್ಲ ಇರುತ್ತದೆ, ಕಬ್ಬಿಣ ಮಾತ್ರ ತೀರಾ ಕಮ್ಮಿ, ಲೀಟರಿಗೆ ಅರ್ಧ ಮಿಲಿಗ್ರಾಂ ಕೂಡ ಇಲ್ಲ. ತುಂಬು ತಿಂಗಳಿಗೆ ಹುಟ್ಟಿದ ಮಗು ನಾಲ್ಕರಿಂದ ಆರು ತಿಂಗಳು ಆ ಬುತ್ತಿಯಲ್ಲೇ ಕಾಲ ಕಳೆಯುತ್ತದೆ. ತಾಯಿಗೆ ರಕ್ತ ತುಂಬಾ ಕಮ್ಮಿಯಿದ್ದರೆ ಬುತ್ತಿ ಅರ್ಧಕ್ಕೇ ನಿಲ್ಲುತ್ತದೆ. ತೂಕ ಕಮ್ಮಿಯ ಮಗು, ದಿನ ತುಂಬುವ ಮೊದಲೇ ಹೆರಿಗೆ, ಇವೂ ಇಂಥ ತಾಯಂದಿರಲ್ಲಿ ಜಾಸ್ತಿ.

ಇನ್ನೂ ಒಂದಿದೆ. ಕಬ್ಬಿಣ ಸಾಲದಾದಾಗ ಮಗುವಿನ ಮೈ ಅದನ್ನು ಮೊದಲು ಕೊಡುವುದು ರಕ್ತಕ್ಕೆ. ಮಿದುಳಿನ ಸರದಿ ಆಮೇಲೆ. ಹಾಗಾಗಿ ಮಗುವಿನ ರಕ್ತದ ಲೆಕ್ಕ ಸರಿಯಾಗಿದ್ದರೂ ಮಿದುಳಿಗೆ ಕೊರತೆ ಬಿದ್ದಿರಬಹುದು. ನೆನಪಿನ ಶಕ್ತಿ ಬೆಳೆಯುವುದಕ್ಕೆ, ನರಗಳ ಮೇಲಿನ ಹೊದಿಕೆ ಬಲಿಯುವುದಕ್ಕೆ ಕಬ್ಬಿಣ ಬೇಕೇ ಬೇಕು.

ಕಪ್ಪು ಮಲದ ಬಗ್ಗೆ ಹೆದರಬೇಡಿ. ಹೀರದೆ ಉಳಿದ ಕಬ್ಬಿಣ ಅದು. ಮಗುವಿನ ಬಣ್ಣ ಬರುವುದು ಅಪ್ಪ ಅಮ್ಮನಿಂದ, ಅಜ್ಜಿ ತಾತನಿಂದ. ಈ ಬಣ್ಣದ ಭಯಕ್ಕೆ ಎಷ್ಟು ಮಾತ್ರೆ ಮಣ್ಣುಪಾಲಾಗಿವೆ ಗೊತ್ತಾ? ಒಂದು ಲೈನಿನ ಹಿಂದೆ ಕಾಫಿ ಗಿಡದ ಬುಡದಲ್ಲಿ ಮಳೆಗೆ ಒದ್ದೆಯಾಗಿ ಬಿದ್ದಿದ್ದ ಕೆಂಪು ಮಾತ್ರೆಗಳನ್ನು ನಾನೇ ಹೆಕ್ಕಿದ್ದೇನೆ. ಬಣ್ಣ ಬಿಟ್ಟು ಮಣ್ಣೆಲ್ಲ ಕುಂಕುಮ ಚೆಲ್ಲಿದ ಹಾಗಿತ್ತು. ಪಾಪ, ಅವನ್ನು ಎಸೆದ ಬಸುರಿ ಹುಡುಗಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಅತ್ತೆ ತಿನ್ನಬೇಡ ಅಂದಿದ್ದರಂತೆ. ನೀವು ಕೈಯಾರೆ ಕೊಡುವ ಅತ್ತೆ, ನಿಮಗೆ ನನ್ನ ನಮಸ್ಕಾರ.

ಸೊಸೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುತ್ತಾಳಾ? ಕೊಕ್ಕೆಹುಳು ಒದ್ದೆ ಮಣ್ಣಿನಿಂದ ಅಂಗಾಲಿನ ಚರ್ಮ ತೂರಿ ಒಳಗೆ ಬರುತ್ತದೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮಳೆಗಾಲದಲ್ಲಿ ಇಂಬಳ ಕಚ್ಚಿದರೆ ಊರೆಲ್ಲ ಕೇಳುವ ಹಾಗೆ ಕೂಗುತ್ತೇವೆ, ಒಳಗಿರುವ ಇದರ ಸುದ್ದಿಯೇ ಇರುವುದಿಲ್ಲ! ಜಂತುಹುಳುವಿನ ಮಾತ್ರೆ, ಅಂದರೆ ಅಲ್ಬೆಂಡಜೋಲ್ 400 ಮಿಲಿಗ್ರಾಂ, ಮೂರು ತಿಂಗಳು ತುಂಬಿದ ಮೇಲೆ ಒಂದು ಸಲ ಕೊಡುತ್ತಾರೆ. ಕೊಟ್ಟಿದ್ದಾರಾ ಅಂತ ತಾಯಿ ಕಾರ್ಡ್ ನೋಡಿ. ಚಪ್ಪಲಿ ಹಾಕಿಸಿ.

ಸರಿಯಾಗಿ ಮಾತ್ರೆ ತಗೊಂಡರೆ ಹಿಮೋಗ್ಲೋಬಿನ್ ತಿಂಗಳಿಗೆ ಒಂದು ಗ್ರಾಂ ಆದರೂ ಏರಬೇಕು. ಏರಲಿಲ್ಲವೆಂದರೆ ಡಾಕ್ಟರನ್ನು ಮತ್ತೆ ಕಾಣಿ. ರಕ್ತನಾಳಕ್ಕೆ ಡ್ರಿಪ್ಪಿನಲ್ಲಿ ಕಬ್ಬಿಣ ಏರಿಸುವ ದಾರಿಯೂ ಇದೆ. ಒಂಬತ್ತನೇ ತಿಂಗಳವರೆಗೆ ಕಾಯಬೇಡಿ.

ಪ್ರಶ್ನೆ: ನನಗೆ ಬಸುರಿನಲ್ಲಿ ರಕ್ತ ಕಮ್ಮಿ ಇತ್ತು. ಈಗ ಮಗನಿಗೆ ಏಳು ತಿಂಗಳು, ಚೆನ್ನಾಗಿ ಆಡುತ್ತಾನೆ. ಆದರೂ ಮುಂದೆ ದಡ್ಡನಾಗಿಬಿಡುತ್ತಾನಾ ಅಂತ ರಾತ್ರಿ ನಿದ್ದೆ ಬರುವುದಿಲ್ಲ.
– ಹೆಸರು ಬೇಡ, ಬೇಲೂರು

ಉತ್ತರ: ಅಯ್ಯೋ, ಹಾಗೆಲ್ಲ ಹಣೆಬರಹ ಬರೆದಿಟ್ಟಿರುವುದಿಲ್ಲ ಕಣಮ್ಮ. ಕೊರತೆಯಿದ್ದರೆ ಅಪಾಯ ಸ್ವಲ್ಪ ಜಾಸ್ತಿ ಅಂತ ಮಾತ್ರ ಹೇಳಬಹುದು. ನನ್ನ 8.4ರ ಮಗಳು ಈಗ ಬ್ಯಾಂಕಿನಲ್ಲಿ ಲೆಕ್ಕ ನೋಡುತ್ತಾಳೆ, ನನ್ನ ಪೆನ್ಷನ್ನಿನಲ್ಲಿ ತಪ್ಪು ಹುಡುಕುತ್ತಾಳೆ.

ಈಗ ನಿಮ್ಮ ಕೆಲಸ ಅವನ ಬಟ್ಟಲಿನಲ್ಲಿದೆ. ಬುತ್ತಿ ಖಾಲಿಯಾಗುವ ವಯಸ್ಸು ಇದು. ಬರೀ ಹಾಲು, ಅನ್ನದ ತಿಳಿ ಸಾಲದು. ಮೊಳಕೆ ಬರಿಸಿದ ರಾಗಿಯ ಸರಿ, ಮೆತ್ತಗೆ ಬೇಯಿಸಿದ ಬೇಳೆ, ತಿನ್ನುವ ಮನೆಯಾದರೆ ಮೊಟ್ಟೆ, ನುಣ್ಣಗೆ ಮಾಡಿದ ಲಿವರ್ ಕೊಡಿ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿಲಿಲೀಟರ್ ಕಬ್ಬಿಣದ ಸಿರಪ್ ಸರ್ಕಾರದಿಂದ ಪುಕ್ಕಟೆ ಸಿಗುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಒಂದು ಸಲ ಅವನ ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ನೆಮ್ಮದಿಯಾಗಿ ಮಲಗಿ.

ಪ್ರಶ್ನೆ: ನನ್ನ ಹೆಂಡತಿಗೆ ಆರು ತಿಂಗಳು, ಹಿಮೋಗ್ಲೋಬಿನ್ 12.4. ಮಗು ಇನ್ನೂ ಚುರುಕಾಗಲಿ ಅಂತ ದಿನಾ ಮೂರು ಮಾತ್ರೆ ಕೊಡಬಹುದಾ?
– ಸಕಲೇಶಪುರದ ಓದುಗ

ಉತ್ತರ: ಬೇಡಪ್ಪ. ರಕ್ತ ಚೆನ್ನಾಗಿದೆ, ಒಂದು ಸಾಕು. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ, ಜೊತೆಗೆ ಫೋಲಿಕ್ ಆಮ್ಲ. ಜಾಸ್ತಿ ಕೊಟ್ಟರೆ ಮಗು ಚುರುಕಾಗುವುದಿಲ್ಲ, ನಿಮ್ಮ ಹೆಂಡತಿಗೆ ಮಲಬದ್ಧತೆ, ಹೊಟ್ಟೆನೋವು ಬರುತ್ತದೆ. ದಿನಕ್ಕೊಂದರಂತೆ ಬಸುರಿನಲ್ಲಿ 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ. ಈ ಎರಡನೇ 180 ದಿನವನ್ನು ಎಲ್ಲರೂ ಮರೆಯುತ್ತಾರೆ, ಬಾಣಂತನದ ಗಡಿಬಿಡಿ ನೋಡಿ. ಅದನ್ನು ನೆನಪಿಟ್ಟುಕೊಳ್ಳುವ ಕೆಲಸ ನೀವು ವಹಿಸಿಕೊಳ್ಳಿ. ಮಾತ್ರೆ ಡಬ್ಬಿಯನ್ನು ಎತ್ತರದಲ್ಲಿಡಿ. ಮನೆಯಲ್ಲಿ ಬೇರೆ ಮಕ್ಕಳಿದ್ದರೆ ಕೆಂಪಗಿದೆ, ಸಿಹಿಯಾಗಿದೆ ಅಂತ ಪೆಪ್ಪರ್‌ಮೆಂಟಿನ ಹಾಗೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಹಾಗೇನಾದರೂ ಆದರೆ ಒಂದು ನಿಮಿಷ ಕಾಯದೆ ಆಸ್ಪತ್ರೆಗೆ ಓಡಿ.